ಮಾತಾಡಿಸೋದು ಅಂದ್ರೆ

ನಮ್ಮೂರ ಕಡೆ ಕಾಯಿಲೆ ಬಿದ್ದವರನ್ನು 'ಮಾತಾಡಿಸ್ಕೊಂಡು' ಬರ್ತಾರೆ. ಎಂಥ ಒಳ್ಳೆ ಪದ! ಎದುರಿಗಿರೋರು ಮಾತಾಡೋ ಹಾಗೆ ಮಾಡೋದು. ಆದರೆ ಹೋದವರು ಬ್ರೆಡ್ಡು, ಮೂಸಂಬಿ ಇಟ್ಟು, ಗೊತ್ತಿರೋ ನಾಟಿ ವೈದ್ಯರ ಹೆಸರು ಹೇಳಿ, 'ಧೈರ್ಯವಾಗಿರು' ಅಂದು ಎದ್ದು ಬರ್ತಾರೆ. ಮಲಗಿರೋದು ಹದಿನಾಲ್ಕರ ಹುಡುಗನಾದರೆ ಅವನನ್ನ ಕೇಳೋದೂ ಇಲ್ಲ, ಅವನಮ್ಮನನ್ನ ಕೇಳ್ತಾರೆ.

ಕ್ರೋನ್ಸ್ ಅಂತ ಒಂದು ಕಾಯಿಲೆ ಇದೆ. ಕರುಳಿನ ಉರಿಯೂತ. ಪೂರ್ತಿ ವಾಸಿಯಾಗಲ್ಲ, ಅಡಗುತ್ತೆ, ಮತ್ತೆ ಕೆರಳುತ್ತೆ. ಹೊಟ್ಟೆನೋವು, ಭೇದಿ, ಸ್ಟೀರಾಯ್ಡ್‌ನಿಂದ ಊದಿಕೊಳ್ಳೋ ಮುಖ. ಪಾಠದ ಮಧ್ಯೆ ಎದ್ದು ಓಡಬೇಕಾದ ಹುಡುಗ ಮಂಕಾದರೆ ನಾವನ್ನೋದು, 'ಪಾಪ, ಬೇಜಾರಾಗದೆ ಇರುತ್ತಾ?' ಕರುಣೆಯ ಮಾತೇ. ನನಗೆ ಮಾತ್ರ ಅದು ಕೈತೊಳೆದುಕೊಳ್ಳೋ ಮಾತು ಅನಿಸುತ್ತೆ. ಕಾಲು ಯಾಕೆ ಮುರೀತು ಅಂತ ಗೊತ್ತಿದೆ ಅಂದ ಮಾತ್ರಕ್ಕೆ ಪಟ್ಟಿ ಕಟ್ಟೋದು ಬಿಡ್ತೀವಾ?

ಇದಕ್ಕೊಂದು ಗಟ್ಟಿ ಎದುರುವಾದವೂ ಇದೆ. ದುಃಖಕ್ಕೆ ನಿಜವಾದ ಕಾರಣ ಇರುವಾಗ 'ಯೋಚನೆ ಬದಲಾಯಿಸ್ಕೋ' ಅನ್ನೋದು ಸುಳ್ಳು ಹೇಳಿದ ಹಾಗಲ್ವಾ? ಅಲ್ಲ. ಹೊಟ್ಟೆನೋವು ನಿಜ. 'ಇನ್ನು ನನ್ನ ಪಕ್ಕ ಯಾರೂ ಕೂರಲ್ಲ' ಅನ್ನೋದು ಅದರಿಂದ ಅವನು ಕಟ್ಟಿಕೊಂಡ ತೀರ್ಮಾನ. ಪ್ರಶ್ನೆ ಮಾಡಬೇಕಾದದ್ದು ಎರಡನೆಯದನ್ನ.

ಅಮೆರಿಕದಲ್ಲಿ ಇವಾ ಸಿಗೆತಿ ಮತ್ತು ಸಂಗಡಿಗರು ಇಂಥ ಕರುಳಿನ ಕಾಯಿಲೆಯ ಜೊತೆ ಖಿನ್ನತೆಯೂ ಇದ್ದ, 9ರಿಂದ 17 ವರ್ಷದ 217 ಮಕ್ಕಳೊಂದಿಗೆ ಮಾಡಿದ ಪ್ರಯೋಗ 2014ರಲ್ಲಿ ಪ್ರಕಟವಾಯ್ತು. ಒಂದು ಗುಂಪಿಗೆ ಮೂರು ತಿಂಗಳು ಸಿಬಿಟಿ: ಬದಲಾಗೋದನ್ನ ಬದಲಾಯಿಸು, ಆಗದ್ದಕ್ಕೆ ಹೊಂದಿಕೊಳ್ಳೋ ದಾರಿ ಹುಡುಕು ಅಂತ ಕಲಿಸೋ ಮಾತಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಪಾಠವಿಲ್ಲ, ಉಪದೇಶವಿಲ್ಲ. ಚಿಕಿತ್ಸಕರು ಕೂತು ಅಕ್ಕರೆಯಿಂದ ಕೇಳಿಸ್ಕೊಳ್ಳೋದು. ಖಿನ್ನತೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಇಳೀತು. ಕರುಳಿನ ಕಾಯಿಲೆ ಮಾತ್ರ ಸಿಬಿಟಿ ಗುಂಪಲ್ಲಿ ಹೆಚ್ಚು ತಗ್ಗಿತು. (ಏನೂ ಕೊಡದ ಮೂರನೇ ಗುಂಪು ಇರಲಿಲ್ಲ, ಇಳಿದದ್ದರಲ್ಲಿ ಕಾಲದ ಪಾಲೆಷ್ಟು ಅಂತ ನನ್ನೊಳಗಿನ ಟೆಸ್ಟರ್ ಕೇಳ್ತಾನೇ ಇರ್ತಾನೆ.)

ಕೇಳಿಸ್ಕೊಳ್ಳೋದು ಸುಲಭ ಅನ್ಕೋಬೇಡಿ. 'ನನ್ನಿಂದ ಮನೆ ಸಾಲ ಆಯ್ತು, ತಂಗಿ ಫೀಸಿಗೆ ದುಡ್ಡಿಲ್ಲ' ಅಂತ ಕೊರಗೋ ಹುಡುಗ ಅದನ್ನ ಅಮ್ಮನ ಮುಂದೆ ಹೇಗೆ ಹೇಳ್ತಾನೆ? ಅವನ ಜೀವಕ್ಕೆ ಅಪಾಯ ಅನಿಸಿದ್ರೆ ಕೌನ್ಸೆಲರ್ ಮನೆಯವರಿಗೆ ತಿಳಿಸಲೇಬೇಕು, ಸರಿ. ಉಳಿದದ್ದು ಅವನದು. ನಾವೋ, ಅವನು ಬಾಗಿಲು ದಾಟಿ ಹೊರಗೆ ಬರೋ ಮೊದಲೇ ಕೇಳಿರ್ತೀವಿ: 'ಒಳಗೇನ್ ಹೇಳ್ದೆ?'