ಕಳೆ ಕೀಳುವುದು ವ್ರತಭಂಗವೆ?

ಚಾತುರ್ಮಾಸದಲ್ಲಿ ಹಸಿರನ್ನು ಕೀಳೆನೆಂದು ನಿಯಮ ಹಿಡಿದ ಕೊಳಗಲ್ಲಿನ ಶ್ರಾವಕನು ಹೊಲದ ಬದುವಿನ ಪಾರ್ಥೇನಿಯಂ ಕಳೆಯನ್ನು ಕೀಳಬಹುದೆ? ವನಸ್ಪತಿಕಾಯವೂ ಜೀವವೇ ಅಲ್ಲವೆ?

ಶಂಕೆ ಸಾಧುವಾದುದು. ಆದರೆ ಕೀಳದೆ ಬಿಟ್ಟ ಮಾತ್ರಕ್ಕೆ ಹಿಂಸೆ ನಿಲ್ಲದು. ಅಮೆರಿಕ ಖಂಡದಿಂದ ಬಂದು 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡ ಈ ಕಳೆಯಿಂದ ಪಾರ್ಥೆನಿನ್ ಎಂಬ ವಿಷವು ಮಣ್ಣಿಗಿಳಿಯುತ್ತದೆ. ಶೇಂಗಾ, ತೊಗರಿಗಳ ಬೇರುಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುವ ರೈಜೋಬಿಯಂ ಸೂಕ್ಷ್ಮಜೀವಿಗಳು ಅದರಿಂದ ಕುಗ್ಗುತ್ತವೆ. ಒಂದೇ ಗಿಡವು ಸಾವಿರಾರು ಬೀಜಗಳನ್ನು ಉದುರಿಸುತ್ತದೆ; ಇಂದು ಒಂದನ್ನು ಉಳಿಸಿದವನು ಮುಂದೆ ಸಾವಿರವನ್ನು ಕೀಳಬೇಕಾದೀತು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜನವಾಗಿ ಗಿಡ ಕಡಿಯುವುದನ್ನು ಪ್ರಮಾದಚರ್ಯೆಯಲ್ಲಿ ಎಣಿಸಿದೆ. ಕೃಷಿಯಲ್ಲಿ ಒದಗುವುದು ಉದ್ಯೋಗೀ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ತ್ಯಜಿಸಲಾರನು, ಮಿತಗೊಳಿಸಬಲ್ಲನು.

ಈ ಗಿಡವು ಮೊಳೆತ ಸುಮಾರು ಒಂದು ತಿಂಗಳಿಗೆ ಹೂ ಬಿಡುತ್ತದೆ. ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಂದು ಕೈ ತಡೆದರೆ ಹಾನಿಯಿಲ್ಲ. ನಾಲ್ಕು ತಿಂಗಳು ತಡೆದರೆ ಬೀಜ ಉದುರಿರುತ್ತದೆ. ಆದುದರಿಂದ ನಿಯಮ ಸ್ವೀಕರಿಸುವಾಗಲೇ ಹೊಲದ ಕೆಲಸವನ್ನು ಗುರುಗಳಲ್ಲಿ ನಿವೇದಿಸಿ ಅದಕ್ಕೆ ಮರ್ಯಾದೆಯನ್ನು ಗೊತ್ತುಪಡಿಸಿಕೊಳ್ಳುವುದು ಯುಕ್ತ. ಬಳಿಕ ಹೂವಿಗೆ ಮುನ್ನವೇ, ತ್ರಸಜೀವಗಳನ್ನು ಸುಡುವ ಬೆಂಕಿಯನ್ನು ಹಚ್ಚದೆ, ಕೈಗೆ ಬಟ್ಟೆ ಸುತ್ತಿ ಕೀಳಬೇಕು. ಕಿತ್ತ ಜೀವಕ್ಕಾಗಿ ಸಂಜೆಯ ಪ್ರತಿಕ್ರಮಣದಲ್ಲಿ ಕ್ಷಮೆ ಬೇಡುವುದನ್ನು ಮಾತ್ರ ಮರೆಯಬಾರದು.