ಹುದ್ದೆಯೇ ಬೇರೆ, ಋಣವೇ ಬೇರೆ

ನಾಲ್ಕಾರು ಮಂದಿ ಕಟ್ಟಿದ ಚಿಕ್ಕ ಕಂಪನಿಯೊಂದು ಬೆಳೆದು ದೊಡ್ಡದಾಯಿತೆನ್ನಿ. ಆಗ ಹೊರಗಿನ ಅನುಭವಿಯೊಬ್ಬರನ್ನು ಕರೆತಂದು, ಮೊದಲಿನಿಂದ ದುಡಿದವರ ಮೇಲೆ ಕೂರಿಸುವುದು ನ್ಯಾಯವೇ?

1998ರಲ್ಲಿ ಅಮೆರಿಕದ ತರುಣರಾದ ಲ್ಯಾರಿ ಪೇಜ್ ಮತ್ತು ಸರ್ಗೇಯ್ ಬ್ರಿನ್ ಗೂಗಲ್ ಕಂಪನಿ ಆರಂಭಿಸಿದರು. ಪೇಜ್ ಅವರೇ ಅದರ ಮುಖ್ಯಸ್ಥರು. 2001ರಲ್ಲಿ ಅವರು ಆ ಹುದ್ದೆಯನ್ನು, ನೊವೆಲ್ ಕಂಪನಿಯನ್ನು ನಡೆಸಿದ್ದ ಎರಿಕ್ ಶ್ಮಿಟ್ ಅವರಿಗೆ ಬಿಟ್ಟುಕೊಟ್ಟರು. ಮೂವರೂ ಕೂಡಿ ದುಡಿದರು. 2011ರಲ್ಲಿ ಪೇಜ್ ಮತ್ತೆ ಮುಖ್ಯಸ್ಥರಾದರು.

ಹಾಗಾದರೆ ಹುದ್ದೆ ಯಾರಿಗೆ ಸಲ್ಲಬೇಕು? ಉತ್ತಮ ಕೊಳಲು ಸಲ್ಲಬೇಕಾದದ್ದು ಕುಲೀನನಿಗಲ್ಲ, ಚೆನ್ನಾಗಿ ನುಡಿಸಬಲ್ಲವನಿಗೆ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ವಾದಿಸಿದ. ಹುದ್ದೆಯೂ ಹಾಗೆಯೇ. ಅದು ಹಿಂದಿನ ದುಡಿಮೆಗೆ ಬಹುಮಾನವಲ್ಲ, ಮುಂದಿನ ಕೆಲಸದ ಹೊಣೆ. ಹೊರಲಾರದವರ ಹೆಗಲಿಗೆ ಹೊರಿಸಿದರೆ, ಅಲ್ಲಿ ಅನ್ನ ಸಂಪಾದಿಸುವ ಎಲ್ಲ ಕುಟುಂಬಗಳಿಗೂ ನಷ್ಟ.

ಆದರೆ ಯೋಗ್ಯರನ್ನು ಕರೆತಂದ ಮಾತ್ರಕ್ಕೆ ಹಳಬರ ಋಣ ತೀರುವುದಿಲ್ಲ. ಸಂಬಳ ತಡವಾದಾಗಲೂ ಕೈಬಿಡದವರಿಗೆ ಲಾಭದಲ್ಲಿ ಪಾಲು ಸಲ್ಲಬೇಕು, ಅವರ ಮಾತಿಗೆ ಬೆಲೆಯಿರಬೇಕು. ಹೊಸಬರು ಬರುವ ಸುದ್ದಿ ಅವರಿಗೆ ಯಜಮಾನರ ಬಾಯಿಂದಲೇ ಮೊದಲು ತಿಳಿಯಬೇಕು. ನಿಮ್ಮ ಅಂಗಡಿ, ಕಾರ್ಖಾನೆ ಬೆಳೆಯುವಾಗ ಈ ಎರಡೂ ಲೆಕ್ಕಗಳನ್ನು ಬೇರೆ ಬೇರೆಯಾಗಿಡಿ; ಎರಡನ್ನೂ ಪೂರ್ತಿ ಸಲ್ಲಿಸಿ.