ನಾಳೆಯನ್ನು ಒಪ್ಪಿಸುವುದು

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬ ಗಾದೆ ನಮ್ಮ ಜನರ ಬಾಯಲ್ಲಿ ಬಹಳ ಹಳೆಯದು. ಎಣಿಸಿದ ಕೆಲಸ ಕೈಗೂಡದೆ ಹೋದಾಗ ಈ ಮಾತನ್ನಾಡಿ, ನಿಟ್ಟುಸಿರಿಟ್ಟು ಸುಮ್ಮನಾಗುತ್ತೇವೆ. ಕ್ರೈಸ್ತ ಭಕ್ತನಾದರೋ ಇದನ್ನು ಕೆಲಸ ಕೆಟ್ಟಮೇಲಲ್ಲ, ಕೆಲಸಕ್ಕೆ ಕೈಯಿಡುವ ಮೊದಲೇ ಆಡಬೇಕೆನ್ನುತ್ತಾನೆ. ಬೆಳಗಿನ ಪ್ರಾರ್ಥನೆಯಲ್ಲಿ ಅವನು ಆ ದಿನದ ತನ್ನ ಯೋಜನೆಗಳನ್ನೆಲ್ಲ ದೇವರ ಮುಂದಿರಿಸಿ, ತನ್ನ ಇಷ್ಟಕ್ಕಿಂತ ದೇವರ ಚಿತ್ತವೇ ಮೇಲಾಗಲೆಂದು ಬೇಡುತ್ತಾನೆ. ಹೀಗೆ ಒಪ್ಪಿಸುವುದೆಂದರೇನು? ಒಪ್ಪಿಸಿದವನು ಮುಂದಾಲೋಚನೆಯನ್ನೇ ಬಿಡಬೇಕೆ? ಕೈಕಟ್ಟಿ ಕುಳಿತುಕೊಳ್ಳುವುದಕ್ಕೆ ಭಕ್ತಿಯೆಂಬ ಒಳ್ಳೆಯ ಹೆಸರು ಕೊಟ್ಟಂತಾಗುವುದಿಲ್ಲವೆ? ಈ ಪ್ರಶ್ನೆಗಳನ್ನು ಕುರಿತು ನಾವಿಲ್ಲಿ ಸ್ವಲ್ಪ ವಿಚಾರ ಮಾಡೋಣ.

ಇಂತಹ ಜಿಜ್ಞಾಸೆಯನ್ನು ಬರಿಯ ಶಬ್ದಗಳಲ್ಲಿ ನಡೆಸುವುದಕ್ಕಿಂತ ಒಂದು ಊರಿನ ಬದುಕಿನೆದುರು ಇಟ್ಟು ನೋಡುವುದು ಲೇಸು. ನೀಲಗಿರಿಯ ಬುಡದಲ್ಲಿ, ಮೇಟ್ಟುಪಾಳಯಕ್ಕೆ ಸಮೀಪದಲ್ಲಿ, ಭವಾನಿ ನದಿಯ ದಡದಲ್ಲಿರುವ ಸಿರುಮುಗೈ ರೇಷ್ಮೆಯ ಸೀರೆಗೆ ಹೆಸರಾದ ಊರು. ಅಲ್ಲಿಯ ನೇಕಾರರಲ್ಲಿ ಅನೇಕರು ದೇವಾಂಗದವರು. ಬೀದಿಯ ಮಾತು ತಮಿಳಾದರೂ ಅವರ ಮನೆಯ ಮಾತು ಕನ್ನಡ. ಅವರ ಕುಲದೇವತೆ ಚೌಡೇಶ್ವರಿ. ಕ್ರೈಸ್ತರ ಪ್ರಶ್ನೆಯೊಂದನ್ನು ಅವರ ಮಗ್ಗದ ಬಳಿಗೆ ಒಯ್ಯುವುದೇಕೆಂದು ವಾಚಕರು ಕೇಳಬಹುದು. ಬೈಬಲ್ಲೇ ಅದನ್ನು ಮಗ್ಗದ ಬಳಿಗೆ ಒಯ್ದಿದೆ ಎಂಬುದು ನಮ್ಮ ಉತ್ತರ. ಕಷ್ಟದಲ್ಲಿದ್ದ ಯೋಬನಿಗೆ ತನ್ನ ದಿನಗಳ ಓಟವನ್ನು ಹೇಳಲು ನೇಕಾರನ ಲಾಳಿಗಿಂತ ಒಳ್ಳೆಯ ಹೋಲಿಕೆ ಸಿಕ್ಕಲಿಲ್ಲ. ಮರಣದ ಹತ್ತಿರಕ್ಕೆ ಹೋಗಿ ಬಂದ ಹಿಜ್ಕೀಯ ಅರಸನೂ ತನ್ನ ಆಯುಷ್ಯವನ್ನು ಮಗ್ಗದಿಂದ ಕತ್ತರಿಸಿ ತೆಗೆದ ಬಟ್ಟೆಗೆ ಹೋಲಿಸಿದನು.

ನೇಕಾರನಷ್ಟು ಮುಂದಾಲೋಚನೆ ಬೇಕಾದ ಕಸುಬಿನವರು ವಿರಳ. ಸಾವಿರಾರು ಎಳೆಗಳ ಹಾಸನ್ನು ಹೂಡಿ, ಅವನ್ನು ಹಣಿಗೆಯಲ್ಲಿ ಪೋಣಿಸಿ, ಅಂಚು ಸೆರಗುಗಳ ಲೆಕ್ಕವನ್ನು ಮೊದಲೇ ಗೊತ್ತುಮಾಡಿಕೊಂಡಲ್ಲದೆ ಲಾಳಿ ಆಡದು. ಆದರೂ ಅವನ ವಶದಲ್ಲಿಲ್ಲದ ಸಂಗತಿಗಳೆಷ್ಟು! ರೇಷ್ಮೆಯ ಧಾರಣೆ ಅವನು ಹೇಳಿದಂತೆ ಏರಿಳಿಯುವುದಿಲ್ಲ. ಮಳೆ ಹಿಡಿದರೆ ಕುಳಿಮಗ್ಗದ ಕುಳಿಯಲ್ಲಿ ತೇವವೇಳುತ್ತದೆ. ಮದುವೆಯ ಕಾಲ ಕಳೆದು ಆಷಾಢ ಬಂದರೆ ಕೊಳ್ಳುವವರು ಕಡಮೆಯಾಗುತ್ತಾರೆ. ಮನೆಯಲ್ಲಿ ಮಗುವಿಗೆ ಜ್ವರ ಬಂದರಂತೂ ಬೆಳಗ್ಗೆ ಎಣಿಸಿದ ಮೊಳ ಸಂಜೆಗೆ ಅರ್ಧವೂ ಆಗಿರುವುದಿಲ್ಲ. ಯೋಜನೆಯಿಲ್ಲದೆ ಬಟ್ಟೆಯಿಲ್ಲ, ಯೋಜನೆಯೊಂದರಿಂದಲೇ ಬಟ್ಟೆಯಾಗುವುದೂ ಇಲ್ಲ. ಮಗ್ಗದ ಮುಂದೆ ಕುಳಿತವರಿಗೆ ಇದನ್ನು ಶಾಸ್ತ್ರದಿಂದ ಕಲಿಸಬೇಕಾದ ಅಗತ್ಯವಿಲ್ಲ.

ಯೇಸು ತನ್ನ ಗಿರಿಪ್ರವಚನದಲ್ಲಿ ಹೊಲದ ಹೂವುಗಳನ್ನು ತೋರಿಸಿ, ನೂಲದೆಯೂ ಅವು ಸೊಲೊಮೋನನಿಗಿಂತ ಚೆಲುವಾಗಿ ತೊಟ್ಟಿರುವುದನ್ನು ನೋಡಿರೆಂದನು. ನೂಲನ್ನೇ ನಂಬಿ ಬದುಕುವವರ ಕಿವಿಗೆ ಈ ಮಾತು ವಿಚಿತ್ರವಾಗಿ ಕೇಳಿಸದಿರದು. ಹೂವಿಗೆ ಕೊಡಬೇಕಾದ ಸಾಲವಿಲ್ಲ, ಮಾಡಬೇಕಾದ ಮದುವೆಯಿಲ್ಲ. ಆದರೆ ಯೇಸು ಅಲ್ಲಿ ಬೇಡವೆಂದದ್ದು ದುಡಿಮೆಯನ್ನಲ್ಲ, ಚಿಂತೆಯನ್ನು. ಆತನ ಮಾತನ್ನು ಊರೂರಿಗೆ ಒಯ್ದ ಪೌಲನು ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿದ್ದುಕೊಂಡು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡನು. ಅವನು ಯೋಜನೆಗಳನ್ನೂ ಹಾಕುತ್ತಿದ್ದನು. ಬಿಥೂನ್ಯಕ್ಕೆ ಹೋಗಬೇಕೆಂದಿದ್ದಾಗ ಆ ದಾರಿ ಕಟ್ಟಿಹೋಗಿ ಮಕೆದೋನ್ಯಕ್ಕೆ ಹೋದನು. ರೋಮಾಪುರವನ್ನು ನೋಡಿಕೊಂಡು ಸ್ಪೇನಿಗೆ ಹೋಗುವೆನೆಂದು ಬರೆದವನು ರೋಮಾಪುರಕ್ಕೆ ಬಂದುದು ಸೆರೆಯಾಳಾಗಿ. ಒಂದು ದಾರಿ ಮುಚ್ಚಿತೆಂದು ಅವನು ನಡೆಯುವುದನ್ನು ಬಿಡಲಿಲ್ಲ. ತೆರೆದ ದಾರಿ ತಾನು ಬೇಡಿದ್ದಲ್ಲವೆಂದು ಮುನಿಯಲೂ ಇಲ್ಲ.

ಇದು ನಮ್ಮಲ್ಲಿ ಹಣೆಬರಹವೆನ್ನುವುದಕ್ಕಿಂತ ಹೇಗೆ ಬೇರೆ? ಹಣೆಯ ಬರಹಕ್ಕೆ ಕಿವಿಯಿಲ್ಲ. ಅದರೊಡನೆ ಮಾತಾಡುವಂತಿಲ್ಲ, ಜಗಳವಾಡುವಂತಿಲ್ಲ. ಚಿತ್ತವೆಂದಮೇಲೆ ಅದು ಒಬ್ಬನ ಚಿತ್ತ. ಆ ಒಬ್ಬನನ್ನು ಕ್ರೈಸ್ತರು ತಂದೆಯೆಂದು ಕರೆಯುತ್ತಾರೆ. ತಂದೆಯ ಹತ್ತಿರ ಬೇಡಬಹುದು, ಕಾಡಬಹುದು. ಗೆತ್ಸೇಮನೆಯ ತೋಟದಲ್ಲಿ ಯೇಸು ಮಾಡಿದ್ದೂ ಅದನ್ನೇ. ಆ ಕಷ್ಟದ ಪಾತ್ರೆ ತನ್ನಿಂದ ತೊಲಗಲೆಂದು ಆತನು ಮೊದಲು ಬೇಡಿದನು. ಬೆವರು ಸುರಿಯುವಂತೆ ಬೇಡಿದನು. ತಂದೆಯ ಚಿತ್ತಕ್ಕೆ ಒಪ್ಪಿಸಿದ್ದು ಆಮೇಲೆ. ತನಗೆ ಬೇಕಾದುದೇನೆಂದು ಬಾಯಿಬಿಟ್ಟು ಹೇಳದವನು ಒಪ್ಪಿಸುವುದಾದರೂ ಏನನ್ನು? ಇಷ್ಟವೇ ಇಲ್ಲದವನ ಸಮರ್ಪಣೆ ಬರಿಗೈಯ ಕಾಣಿಕೆ.

ಇನ್ನು ಯಾಕೋಬನ ಪತ್ರಿಕೆಯನ್ನು ನೋಡೋಣ. ಇಂಥ ಊರಿಗೆ ಹೋಗಿ, ಒಂದು ವರ್ಷವಿದ್ದು, ವ್ಯಾಪಾರಮಾಡಿ ಲಾಭ ಗಳಿಸುತ್ತೇವೆಂದು ಹಮ್ಮಿನಿಂದ ಹೇಳುವವರನ್ನು ಅವನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವರ ಬಾಳು ಹಬೆಯಂತೆ ಕ್ಷಣಿಕವೆಂದೂ, ಕರ್ತನು ಒಪ್ಪಿದರೆ ಎಂಬುದನ್ನು ಸೇರಿಸಿಯೇ ನಾಳೆಯ ಮಾತಾಡಬೇಕೆಂದೂ ಎಚ್ಚರಿಸುತ್ತಾನೆ. ನಾಳೆಯನ್ನು ದೇವರಿಗೆ ಒಪ್ಪಿಸಬೇಕೆನ್ನುವವರೆಲ್ಲ ಈ ಭಾಗವನ್ನು ಎತ್ತಿ ಹೇಳುತ್ತಾರೆ. ಆದರೆ ಅವರಲ್ಲಿ ಬಹುಮಂದಿ ಅಲ್ಲಿಗೇ ಪುಸ್ತಕವನ್ನು ಮುಚ್ಚುತ್ತಾರೆ. ಹಾಳೆ ತಿರುಗಿಸಿದರೆ ಅದೇ ಯಾಕೋಬನು ಹೊಲ ಕೊಯ್ದ ಆಳುಗಳ ಕೂಲಿಯನ್ನು ಹಿಡಿದುಕೊಂಡ ಧನಿಕರ ಮೇಲೆ ಬೀಳುತ್ತಾನೆ. ಕೊಡದೆ ಉಳಿಸಿಕೊಂಡ ಆ ಕೂಲಿಯೇ ಕೂಗಿಕೊಳ್ಳುತ್ತಿದೆ ಎನ್ನುತ್ತಾನೆ. ಈ ಎರಡು ಮಾತುಗಳು ಒಂದರ ಪಕ್ಕದಲ್ಲೊಂದು ಇರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ನಾಳೆ ದೇವರದು, ಆದರೆ ಇಂದಿನ ಕೂಲಿ ಇಂದೇ ಕೊಡಬೇಕಾದುದು. ಒಬ್ಬ ನೇಕಾರನ ಮಜೂರಿಯನ್ನು ತಡೆದಿಟ್ಟುಕೊಂಡು, ಎಲ್ಲವೂ ದೇವರ ಕೈಯಲ್ಲಿದೆ ಎನ್ನುವ ಯಜಮಾನನು ದೇವರಿಗೆ ಒಪ್ಪಿಸಿದ್ದು ತನ್ನ ಯೋಜನೆಯನ್ನಲ್ಲ, ತನ್ನ ಸಾಲವನ್ನು.

ಸಿರುಮುಗೈಯ ಈಚಿನ ಚರಿತ್ರೆ ಈ ಪ್ರಶ್ನೆಯನ್ನು ಇನ್ನೂ ಕಠಿನವಾಗಿ ಮುಂದಿಡುತ್ತದೆ. ಮರದ ತಿರುಳಿನಿಂದ ಕೃತಕ ನೂಲನ್ನು ತೆಗೆಯುವ ದೊಡ್ಡ ಕಾರ್ಖಾನೆಯೊಂದು 1960ರ ದಶಕದಿಂದ ಅಲ್ಲಿಯ ಹೊಳೆಯ ಬಳಿ ನಡೆಯಿತು. ಅನೇಕ ಮನೆಗಳು ಅದರ ಸಂಬಳವನ್ನು ನಂಬಿ ತಮ್ಮ ನಾಳೆಗಳನ್ನು ಕಟ್ಟಿದವು. ಕಾರ್ಖಾನೆಯಿಂದ ಹೊರಬಂದ ನೀರು ಭವಾನಿಯನ್ನು ಕೆಡಿಸುತ್ತಿದೆಯೆಂದು 1990ರ ದಶಕದಲ್ಲಿ ಹೊಳೆಯನ್ನು ನಂಬಿದ್ದ ಜನ ಹೋರಾಡಿದರು. ಮುಂದೆ ಕಾರ್ಖಾನೆಯೂ ಮುಚ್ಚಿತು. ಒಂದು ಕಡೆ ನೀರು ಕೆಟ್ಟವರು, ಇನ್ನೊಂದು ಕಡೆ ಕೆಲಸ ಹೋದವರು. ಇಬ್ಬರ ಯೋಜನೆಗಳೂ ಮುರಿದವು. ಅವರ ಮುಂದೆ ನಿಂತು, ಇದು ದೇವರ ಚಿತ್ತ, ಒಪ್ಪಿಸಿಬಿಡಿ ಎಂದು ಹೇಳುವ ಅಧಿಕಾರ ಯಾರಿಗಿದೆ?

ಯಾರಿಗೂ ಇಲ್ಲವೆಂಬುದೇ ನಮ್ಮ ಅಭಿಪ್ರಾಯ. ಕನ್ನಡ ವ್ಯಾಕರಣದಲ್ಲಿ ನಾನು, ನಾವು ಎಂಬುದಕ್ಕೆ ಉತ್ತಮಪುರುಷವೆಂದು ಹೆಸರು. ಸಮರ್ಪಣೆ ಉತ್ತಮಪುರುಷದಲ್ಲಿ ಮಾತ್ರ ಆಡಬಹುದಾದ ಮಾತು. ನನ್ನದನ್ನು ನಾನು ಒಪ್ಪಿಸಬಹುದು. ನೆರೆಯವನ ಪಾಲನ್ನು ಅವನ ಪರವಾಗಿ ನಾನು ಒಪ್ಪಿಸಲಾರೆ. ತನ್ನ ಪಾತ್ರೆಯನ್ನು ಕುಡಿಯಲು ಒಪ್ಪಿದ ಯೇಸು, ಹುಟ್ಟುಕುರುಡನಿಗೆ ಕತ್ತಲೆಯನ್ನು ಒಪ್ಪಿಕೊಳ್ಳೆಂದು ಬೋಧಿಸಲಿಲ್ಲ. ಅವನಿಗೆ ಕಣ್ಣು ಕೊಟ್ಟನು. ಕೆಟ್ಟ ನೀರಿಗೂ ನಿಂತ ಸಂಬಳಕ್ಕೂ ಮನುಷ್ಯರೇ ಹೊಣೆಯಾಗಿದ್ದಲ್ಲಿ, ಆ ಹೊಣೆಯನ್ನು ದೇವರ ಮೇಲೆ ಹೊರಿಸುವುದು ಭಕ್ತಿಯಲ್ಲ. ಹೊಳೆಗಾಗಿ ಹೋರಾಡಿದವನೂ, ಬರಬೇಕಾದ ಹಣವನ್ನು ಕೇಳಲು ಹೋದವನೂ ತನ್ನ ಬೆಳಗಿನ ಪ್ರಾರ್ಥನೆಗೆ ದ್ರೋಹ ಮಾಡಿದಂತಾಗಲಿಲ್ಲ. ಹೋರಾಟದ ಫಲವನ್ನು ಒಪ್ಪಿಸಬಹುದು, ಹೋರಾಟವನ್ನಲ್ಲ.

ಹಾಗಾದರೆ ದಿನದಿನದ ಬಾಳಿನಲ್ಲಿ ಒಪ್ಪಿಸುವ ಬಗೆ ಯಾವುದು? ಯೆರಿಕೋವಿನ ದಾರಿಯ ಸಾಮತಿಯಲ್ಲಿ ಇದಕ್ಕೆ ಒಳ್ಳೆಯ ಮಾದರಿಯಿದೆ. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ಓರೆಯಾಗಿ ಹೋದರು. ಸಮಾರ್ಯದವನಿಗೂ ತನ್ನ ಪ್ರಯಾಣವಿತ್ತು. ಅವನು ಅದನ್ನು ನಿಲ್ಲಿಸಿ ಗಾಯ ಕಟ್ಟಿದನು, ಚತ್ರಕ್ಕೆ ಒಯ್ದನು, ಒಂದು ರಾತ್ರಿ ಆರೈಕೆ ಮಾಡಿದನು. ಮರುದಿನ ಎರಡು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದು ಹೇಳಿ ಮುಂದಕ್ಕೆ ಹೋದನು. ಅವನು ತನ್ನ ಯೋಜನೆಯನ್ನು ತೊರೆಯಲಿಲ್ಲ. ಹಿಂದಿರುಗುವ ಲೆಕ್ಕವೂ ಅದರಲ್ಲಿತ್ತು. ಆದರೆ ದಾರಿಯಲ್ಲಿ ಬಿದ್ದ ಒಬ್ಬನಿಗಾಗಿ ಅದನ್ನು ಬಾಗಿಸಲು ಅವನಿಂದಾಯಿತು. ದೇವರ ಚಿತ್ತ ಆಕಾಶವಾಣಿಯಾಗಿ ಬರುವುದಕ್ಕಿಂತ ಹೆಚ್ಚು ಸಲ ಹೀಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದ ನೆರೆಯವನಾಗಿಯೇ ಬರುತ್ತದೆ.

ಯೋಜನೆ ಬಾಗದೆ ಮುರಿದೇ ಹೋಗುವುದೂ ಉಂಟು. ಕನ್ನಡದ ಚರಿತ್ರೆಯಲ್ಲೇ ಇದಕ್ಕೊಂದು ನಿದರ್ಶನವಿದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಅವರು 1836ರಲ್ಲಿ ನಮ್ಮ ನಾಡಿಗೆ ಬಂದುದು ಮತಪ್ರಚಾರಕ್ಕಾಗಿ. ಕೊಡಗಿನಲ್ಲಿ ಅವರು ಆಸೆಯಿಂದ ಆರಂಭಿಸಿದ ಕೆಲಸವನ್ನು 1860ರಲ್ಲಿ ಪತ್ನಿಯ ಅನಾರೋಗ್ಯದ ಕಾರಣ ಬಿಟ್ಟು ತಾಯ್ನಾಡಿಗೆ ಮರಳಬೇಕಾಯಿತು. 1881ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಬರಲಾಗಲಿಲ್ಲ. ಇಂದು ಕನ್ನಡಿಗರು ಅವರನ್ನು ನೆನೆಯುವುದು 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ಕ್ಕಾಗಿ, ಅದು ಒಂದು ವರ್ಷವೂ ಮಂಗಳೂರಿನಲ್ಲಿ ನಿಲ್ಲದೆ ಬಳ್ಳಾರಿಗೆ ಹೋದ ಪತ್ರಿಕೆ. ನೆನೆಯುವುದಕ್ಕೆ ಇನ್ನೊಂದು ಕಾರಣ, ಅವರು ಅಚ್ಚುಹಾಕಿಸಿದ ನಮ್ಮ ಹಳೆಯ ಕಾವ್ಯಗಳು. ಇದನ್ನು ದೇವರ ಕೈವಾಡಕ್ಕೆ ಪುರಾವೆಯೆಂದು ನಾವು ತೋರಿಸುತ್ತಿಲ್ಲ. ನಮ್ಮ ಕೆಲಸದಲ್ಲಿ ಉಳಿಯತಕ್ಕದ್ದು ಯಾವುದೆಂದು ಕೆಲಸ ಮಾಡುವಾಗ ನಮಗೆ ತಿಳಿಯದು ಎಂಬಷ್ಟನ್ನೇ ಹೇಳುತ್ತೇವೆ. ತಿಳಿಯದುದನ್ನು ಬಿಗಿಯಾಗಿ ಹಿಡಿದು ಪ್ರಯೋಜನವೇನು?

ಈ ಅರಿವು ಕ್ರೈಸ್ತರೊಬ್ಬರದೇ ಸ್ವತ್ತಲ್ಲ. ಭಕ್ತನು ತಾಯಿಯನ್ನು ಅವುಚಿಕೊಂಡ ಕೋತಿಮರಿಯಂತಿರಬೇಕೋ, ತಾಯಿ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯಂತಿರಬೇಕೋ ಎಂದು ಶ್ರೀವೈಷ್ಣವರು ಬಹುಕಾಲ ಚರ್ಚಿಸಿದ್ದಾರೆ. ದೇವರ ದಾಸಿಮಯ್ಯನು ಬಹುಕಾಲ ಶ್ರಮಪಟ್ಟು ನೆಯ್ದ ವಸ್ತ್ರವನ್ನು ಜಂಗಮನಾಗಿ ಬಂದ ಶಿವನು ಕಣ್ಣೆದುರಿಗೇ ಹರಿದರೂ ಅವನು ನೊಂದುಕೊಳ್ಳಲಿಲ್ಲವೆಂಬ ಕಥೆಯನ್ನು ನೇಕಾರರ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ವಸ್ತ್ರ ದಾಸಿಮಯ್ಯನದಾಗಿತ್ತು, ಆದುದರಿಂದಲೇ ಅದನ್ನು ಬಿಟ್ಟುಕೊಡುವುದು ಅವನಿಗೆ ಸಾಧ್ಯವಾಯಿತು ಎಂಬುದನ್ನು ಇಲ್ಲಿಯೂ ಗಮನಿಸಬೇಕು.

ಆದುದರಿಂದ ದಿನವನ್ನು ಒಪ್ಪಿಸುವವನು ಮೊದಲು ಅದನ್ನು ಚೆನ್ನಾಗಿ ಹೂಡಲಿ. ಹಾಸು ಸಡಿಲವಾದರೆ ದೇವರ ಹೆಸರಿನಿಂದ ಅದು ಬಿಗಿಯಾಗದು. ತನಗೆ ಬೇಕಾದುದನ್ನು ಸಂಕೋಚವಿಲ್ಲದೆ ಬೇಡಲಿ. ಪರರಿಗೆ ಸಲ್ಲಬೇಕಾದುದನ್ನು ಹೊತ್ತು ಮುಳುಗುವ ಮುನ್ನ ಸಲ್ಲಿಸಲಿ. ಅಡ್ಡಬಂದ ನೆರೆಯವನನ್ನು ವಿಘ್ನವೆಂದು ಬಗೆಯದಿರಲಿ. ಇಷ್ಟಾದಮೇಲೆ ಎಳೆ ತುಂಡಾದರೆ, ಅದನ್ನು ಗಂಟುಹಾಕಿ ಮತ್ತೆ ಲಾಳಿಯೆಸೆಯುವ ನೇಕಾರನ ತಾಳ್ಮೆ ಅವನಿಗೆ ಬರಲಿ. ರಾತ್ರಿ ದೀಪವಾರಿಸಿ ಮಲಗುವಾಗ ನಾವೆಲ್ಲರೂ, ನಂಬುವವರೂ ನಂಬದವರೂ, ನಾಳೆಯನ್ನು ನಮ್ಮ ಕೈಯಿಂದ ಬಿಟ್ಟೇ ಕಣ್ಣುಮುಚ್ಚುತ್ತೇವೆ. ಅದೇ ಕೆಲಸವನ್ನು ಬೆಳಗ್ಗೆ ಕಣ್ಣುತೆರೆದಿರುವಾಗಲೇ ಮಾಡಬೇಕೆಂಬುದು ಆ ಪ್ರಾರ್ಥನೆಯ ಅರ್ಥವೆಂದು ನಾವು ತಿಳಿಯುತ್ತೇವೆ.